ತಲೆ ಓವರ್‌ಸೈಜ್, ಕೈ ಅಂಡರ್‌ಸೈಜ್

ಕಳೆದ ಸೆಮಿಸ್ಟರ್ ಕೊನೆಯಲ್ಲಿ ನಮ್ಮ ವರ್ಕ್‌ಶಾಪ್‌ನ ಇನ್‌ಸ್ಟ್ರಕ್ಟರ್ ಸರ್ ರಿಟೈರ್ ಆದ್ರು. ಫಸ್ಟ್ ಇಯರ್‌ನಲ್ಲಿ ಫಿಟ್ಟಿಂಗ್ ಮಾಡಿದ ಎಲ್ಲರಿಗೂ ಅವರು ಗೊತ್ತಿರ್ತಾರೆ. "ಅಂದಾಜು ಬೇಡ, ಅಳತೆ ಹೇಳು" ಅನ್ನೋದು ಅವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರ್ತಿತ್ತು. ಅವರಿಗೊಂದು ಉಡುಗೊರೆ ಕೊಡೋಣ ಅಂತ ಕ್ಲಬ್‌ನಲ್ಲಿ ಚಿತ್ರ ಬರೆಯೋ ನಾವು ನಾಲ್ಕು ಜನ ಸೇರಿ, ಮೂರು ಸಂಜೆ ಕೂತು, ಒಂದು ಎ2 ಶೀಟಿನಲ್ಲಿ ಅವರ ಪೂರ್ತಿ ಚಿತ್ರ ಬಿಡಿಸಿದ್ವಿ. ಬೆಂಚ್ ವೈಸ್ ಪಕ್ಕ ನಿಂತಿದ್ದಾರೆ, ಬಲಗೈಯಲ್ಲಿ ಫೈಲ್, ಎಡಗೈ ವೈಸ್ ಮೇಲೆ. ಮುಖ ಚೆನ್ನಾಗಿ ಬಂದಿತ್ತು. ಕನ್ನಡಕದ ಗಾಜಿನಲ್ಲಿ ಕಿಟಕಿಯ ರಿಫ್ಲೆಕ್ಷನ್ ಕೂಡ ಹಾಕಿದ್ವಿ! ಇನ್‌ಸ್ಟಾದಲ್ಲಿ ಹಾಕಿದ್ರೆ ಲೈಕ್ಸ್ ಸುರಿಯುತ್ತೆ ಅಂತ ನಮ್ಮ ಲೆಕ್ಕ.

ಸರ್ ಶೀಟನ್ನ ಬೆಂಚ್ ಮೇಲೆ ಹರಡಿ ಒಂದು ನಿಮಿಷ ಸುಮ್ಮನೆ ನೋಡಿದ್ರು. ಆಮೇಲೆ ತಮ್ಮ ಅಂಗೈಯನ್ನ ತಮ್ಮ ಮುಖದ ಮೇಲೆ ಇಟ್ಟುಕೊಂಡ್ರು. ಮುಖ ಪೂರ್ತಿ ಮುಚ್ಚಿಹೋಯ್ತು. "ನೋಡ್ರಪ್ಪಾ, ನನ್ನ ಕೈ ನನ್ನ ಮುಖ ಮುಚ್ಚುತ್ತೆ. ಇಲ್ಲಿರೋನ ಕೈ ಅವನ ಮೂಗು ಮುಚ್ಚಿದ್ರೆ ಹೆಚ್ಚು. ತಲೆ ಓವರ್‌ಸೈಜ್, ಕೈ ಅಂಡರ್‌ಸೈಜ್. ಓವರ್‌ಸೈಜ್ ಆದ್ರೆ ಫೈಲ್ ಹಾಕಿ ಸರಿಮಾಡಬಹುದು. ಅಂಡರ್‌ಸೈಜ್ ಆದ್ರೆ?"

"ಜಾಬ್ ರಿಜೆಕ್ಟ್ ಸರ್" ಅಂದ್ವಿ ನಾಲ್ಕೂ ಜನ.

ಅವರು ನಕ್ಕರು. ರಿಜೆಕ್ಟ್ ಆದ ಜಾಬನ್ನೇ ಪ್ರೀತಿಯಿಂದ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮನೆಗೆ ತಗೊಂಡು ಹೋದ್ರು. ಆದರೆ ಅವರು ಶೀಟ್ ಸುತ್ತುವಾಗ ನಮ್ಮ ಕಣ್ಣಿಗೆ ಒಂದು ವಿಷಯ ಬಿತ್ತು. ಅವರ ಎಡಗೈ ತೋರುಬೆರಳು ನೆಟ್ಟಗಾಗೋದೇ ಇಲ್ಲ. ಯಾವುದೋ ಹಳೆಯ ಗಾಯ. ಒಂದು ಇಡೀ ಸೆಮಿಸ್ಟರ್ ಅದೇ ಕೈ ನಮಗೆ ಫೈಲ್ ಹಿಡಿಯೋದನ್ನ ತೋರಿಸಿತ್ತು. ನಾವು ನೋಡೇ ಇರಲಿಲ್ಲ. ಚಿತ್ರದಲ್ಲಿ ನಾವು ಹಾಕಿದ್ದು ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಯಾರದ್ದೋ ನೆಟ್ಟಗಿನ, ನುಣುಪಾದ ಬೆರಳು.

ಈ ಲೇಖನ ಆ ಬೆರಳಿನಿಂದ ಹುಟ್ಟಿದ್ದು.

ನಮ್ಮ ವಾದ ಇಷ್ಟೇ. ಮನುಷ್ಯನ ಆಕೃತಿ ಬರೆಯೋದು ಹುಟ್ಟಿನಿಂದ ಬರೋ ವರ ಅಲ್ಲ, ಅದೊಂದು ಅಳತೆಯ ವಿದ್ಯೆ. ಇಂಜಿನಿಯರಿಂಗ್ ಓದೋ ನಮಗೆ ಅದರ ಅರ್ಧ ಆಗಲೇ ಬರುತ್ತೆ. ಉಳಿದರ್ಧ ಬರದೇ ಇರೋದು ನಮಗೆ ಟ್ಯಾಲೆಂಟ್ ಇಲ್ಲ ಅಂತ ಅಲ್ಲ, ನಾವು ಪಕ್ಕದಲ್ಲಿರೋ ಮನುಷ್ಯರನ್ನ ಸರಿಯಾಗಿ ನೋಡಲ್ಲ ಅಂತ.

ಮೊದಲು ಅಳತೆ. ಸರ್ ಹೋದಮೇಲೆ ನಮ್ಮ ಮೊಬೈಲ್‌ನಲ್ಲಿದ್ದ ಆ ಚಿತ್ರದ ಫೋಟೋ ತೆಗೆದು, ತಲೆಯ ಎತ್ತರವನ್ನೇ ಒಂದು ಯೂನಿಟ್ ಅಂತ ಇಟ್ಟುಕೊಂಡು ಎಣಿಸಿದ್ವಿ. ಐದೂವರೆ ತಲೆ ಬಂತು. ಬೆಳೆದ ಮನುಷ್ಯನ ಎತ್ತರ ಸಾಮಾನ್ಯವಾಗಿ ಏಳೂವರೆ ತಲೆಯ ಹತ್ತಿರ ಇರುತ್ತೆ. ಈಗತಾನೆ ಹುಟ್ಟಿದ ಮಗು ಸುಮಾರು ನಾಲ್ಕು ತಲೆ. ಐದೂವರೆ ಅಂದ್ರೆ ಐದಾರು ವರ್ಷದ ಮಗು. ಅಂದ್ರೆ ರಿಟೈರ್ ಆಗೋ ಸರ್‌ಗೆ ನಾವು ಯುಕೆಜಿ ಹುಡುಗನ ದೇಹ ಕೊಟ್ಟು ಮೀಸೆ ಅಂಟಿಸಿದ್ವಿ.

ಹೀಗೇಕಾಯ್ತು? ಎಲ್ಲರೂ ಮಾಡೋ ತಪ್ಪೇ ನಾವೂ ಮಾಡಿದ್ವಿ. ಮುಖದಿಂದ ಶುರು ಮಾಡಿ, ಮೊದಲ ದಿನವೇ ಕಣ್ಣಿನ ರೆಪ್ಪೆವರೆಗೂ ಹೋಗಿಬಿಟ್ವಿ. ಮುಖ ಮುಖ್ಯ, ಅದಕ್ಕೇ ದೊಡ್ಡದಾಯ್ತು. ಮೂರನೇ ದಿನ ಕಾಲಿಗೆ ಬರುವಷ್ಟರಲ್ಲಿ ಶೀಟೇ ಮುಗಿದಿತ್ತು. ಉಳಿದ ಜಾಗದಲ್ಲಿ ಕಾಲನ್ನ ತುರುಕಿ, ಪಾದ ಕಷ್ಟ ಅಂತ ವರ್ಕ್‌ಬೆಂಚಿನ ಹಿಂದೆ ಬಚ್ಚಿಟ್ವಿ. ಸ್ಕೂಲಲ್ಲಿ ಪಾದ ಮುಚ್ಚೋಕೆ ಹುಲ್ಲು ಬರೀತಿದ್ವಲ್ಲ, ಅದೇ ಟ್ರಿಕ್. ಕೈ ಕಷ್ಟ ಆದ್ರೆ ಜೇಬಿಗೆ, ಕಾಲು ಕಷ್ಟ ಆದ್ರೆ ಹುಲ್ಲಿಗೆ!

ಸಿಎಇಡಿ ಕ್ಲಾಸಲ್ಲಿ ಹೀಗೆ ಮಾಡ್ತೀವಾ? ಅಲ್ಲಿ ಮೊದಲು ಎಕ್ಸ್‌ವೈ ಲೈನ್, ಆಮೇಲೆ ಆ್ಯಕ್ಸಿಸ್, ಆಮೇಲೆ ಬೇಸ್. ಮನುಷ್ಯನಿಗೂ ಹಾಗೇ. ಮೊದಲು ನೆತ್ತಿ ಎಲ್ಲಿ, ಹಿಮ್ಮಡಿ ಎಲ್ಲಿ ಅಂತ ಎರಡು ತೆಳು ಗೆರೆ. ನಿಂತ ಮನುಷ್ಯನ ನಡು ಭಾಗ ಸೊಂಟ ಅಲ್ಲ, ಅದಕ್ಕಿಂತ ಕೆಳಗೆ, ಕಾಲು ಕವಲೊಡೆಯೋ ಹತ್ತಿರ. ಮೊಣಕೈ ಬರೋದು ಪಕ್ಕೆಲುಬು ಮುಗಿಯೋ ಮಟ್ಟಕ್ಕೆ. ಕೈ ಇಳಿಬಿಟ್ಟಾಗ ಮಣಿಕಟ್ಟು ತೊಡೆ ಶುರುವಾಗೋ ಮಟ್ಟಕ್ಕೆ, ಬೆರಳ ತುದಿ ತೊಡೆಯ ನಡುವಿಗೆ. ಕಣ್ಣು ಇರೋದು ಹಣೆಯ ಕೆಳಗೆ ಎಲ್ಲೋ ಮೇಲ್ಗಡೆ ಅಲ್ಲ, ನೆತ್ತಿಯಿಂದ ಗಲ್ಲದವರೆಗೆ ಸರಿಯಾಗಿ ಅರ್ಧದಲ್ಲಿ. ನಂಬಿಕೆ ಬರದಿದ್ರೆ ಕನ್ನಡಿ ಮುಂದೆ ಸ್ಕೇಲ್ ಹಿಡಿದು ನೋಡಿ. ನಿಮ್ಮ ಪಾದ, ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗಿನ ಉದ್ದಕ್ಕೆ ಹೆಚ್ಚುಕಡಿಮೆ ಸಮ ಇರುತ್ತೆ. ಹಾಸ್ಟೆಲ್ ರೂಮಿನಲ್ಲಿ ಇದನ್ನ ಟೆಸ್ಟ್ ಮಾಡೋಕೆ ಹೋಗಿ ನಮ್ಮಲ್ಲೊಬ್ಬ ಮಂಚದಿಂದ ಬಿದ್ದ, ಅದು ಬೇರೆ ಕಥೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದೆಲ್ಲ ಯೂಟ್ಯೂಬ್‌ನಿಂದ ಬಂದ ಜ್ಞಾನ ಅನ್ನಿಸಿತ್ತು. ಈ ಲೇಖನಕ್ಕೆ ಕನ್ನಡ ಪದ ಹುಡುಕುವಾಗ ನಮ್ಮಲ್ಲೊಬ್ಬಳು ಅವಳ ಅಜ್ಜಿಗೆ ಫೋನ್ ಮಾಡಿದ್ಲು. ಗೇಣು, ಮೊಳ, ಮಾರು ಅಂತ ಅಜ್ಜಿ ಎಲ್ಲ ಹೇಳಿಕೊಟ್ರು. ಹೆಬ್ಬೆರಳಿಂದ ಕಿರುಬೆರಳ ತುದಿಗೆ ಚಾಚಿದ್ರೆ ಗೇಣು. ಮೊಣಕೈಯಿಂದ ನಡುಬೆರಳ ತುದಿಗೆ ಮೊಳ, ಅಂದ್ರೆ ಎರಡು ಗೇಣು. ಎರಡೂ ತೋಳು ಚಾಚಿದ್ರೆ ಮಾರು, ಅಂದ್ರೆ ನಾಲ್ಕು ಮೊಳ. ಈಗ ಇದನ್ನ ಇಟಲಿಗೆ ತಗೊಂಡು ಹೋಗಿ. ಲಿಯೊನಾರ್ಡೊ ಡಾ ವಿಂಚಿ 1490ರ ಸುಮಾರಿಗೆ ಬರೆದ ವಿಟ್ರೂವಿಯನ್ ಮನುಷ್ಯನ ಚಿತ್ರ ನಿಮ್ಮಲ್ಲಿ ಅರ್ಧ ಜನರ ಲ್ಯಾಪ್‌ಟಾಪ್ ಸ್ಟಿಕರ್‌ನಲ್ಲಿದೆ. ತೋಳು ಚಾಚಿದ ಅಗಲ ಎತ್ತರಕ್ಕೆ ಸಮ, ಎತ್ತರ ಅಂದ್ರೆ ನಾಲ್ಕು ಮೊಳ ಅನ್ನೋದೇ ಆ ಚಿತ್ರದ ಲೆಕ್ಕ. ನಮ್ಮ ಮಾರ್ಕೆಟ್‌ನಲ್ಲಿ ಮಲ್ಲಿಗೆ ಅಳೆಯೋ ಅಮ್ಮನ ಕೈಯಲ್ಲೂ ಇರೋದು ಅದೇ ಲೆಕ್ಕ. ಅವರ ಮೊಳ ಸ್ವಲ್ಪ ಗಿಡ್ಡ ಅಂತ ನಾವು ಜಗಳ ಆಡ್ತೀವಿ, ಅಷ್ಟೇ.

ಅಳತೆ ಆಯ್ತು. ಇನ್ನು ಅಂಗರಚನೆ, ಅಂದ್ರೆ ಅನಾಟಮಿ. "ಮೆಡಿಕಲ್ ಸೀಟ್ ಸಿಗಲಿಲ್ಲ ಅಂತ ಇಲ್ಲಿ ಬಂದ್ವಿ, ಇಲ್ಲೂ ಅನಾಟಮಿನಾ?" ಅಂತ ಗೆಳೆಯನೊಬ್ಬ ಕೇಳಿದ. ಅಷ್ಟು ಹೆದರಬೇಕಾಗಿಲ್ಲ. 200ಕ್ಕೂ ಹೆಚ್ಚು ಮೂಳೆಗಳ ಹೆಸರು ಬಾಯಿಪಾಠ ಮಾಡೋದು ಬೇಡ. ನಮ್ಮ ಸಿಲಬಸ್ ಕಣ್ಣಿನಿಂದಲೇ ನೋಡಿ. ಮುಂಡ ಅಂದ್ರೆ ಎರಡು ಸಾಲಿಡ್: ಎದೆಗೂಡು ಒಂದು ಮೊಟ್ಟೆ, ಸೊಂಟದ ಮೂಳೆ ಒಂದು ಡಬ್ಬಿ. ನಡುವೆ ಬಾಗೋ ಬೆನ್ನುಮೂಳೆ. ಎಚ್‌ಪಿಗೆ 45 ಡಿಗ್ರಿ, ವಿಪಿಗೆ 30 ಡಿಗ್ರಿ ವಾಲಿದ ಪ್ರಿಸಂ ಬರೆದು ಬೆವರು ಸುರಿಸಿದವರಿಗೆ ವಾಲಿದ ಡಬ್ಬಿ ಬರೆಯೋದು ಹೊಸದೇನಲ್ಲ. ಮೊಣಕೈ ಒಂದು ಹಿಂಜ್. ಭುಜ ಮತ್ತು ತೊಡೆಸಂದು ಬಾಲ್ ಆ್ಯಂಡ್ ಸಾಕೆಟ್. ಎಷ್ಟು ಡಿಗ್ರಿ ಆಫ್ ಫ್ರೀಡಂ ಅಂತ ಗೊತ್ತಾದ್ರೆ ಯಾವ ಭಂಗಿ ಸಾಧ್ಯ, ಯಾವುದು ಮುರಿದ ಗೊಂಬೆ ಅಂತ ತಾನಾಗೇ ಗೊತ್ತಾಗುತ್ತೆ.

ಈಗ ನಿಮ್ಮ ಅಂಗೈ ಮೇಲೆ ಮಾಡಿ ಕೈ ಮುಂದೆ ಚಾಚಿ. ಮುಂಗೈಯಲ್ಲಿ ಎರಡು ಮೂಳೆ ಪಕ್ಕಪಕ್ಕ ಇವೆ. ನಿಧಾನಕ್ಕೆ ಅಂಗೈ ಕೆಳಗೆ ತಿರುಗಿಸಿ. ಕಿರುಬೆರಳ ಕಡೆಯ ಅಲ್ನಾ ಹೆಚ್ಚುಕಡಿಮೆ ಅಲ್ಲೇ ಇರುತ್ತೆ, ಹೆಬ್ಬೆರಳ ಕಡೆಯ ರೇಡಿಯಸ್ ಅದರ ಮೇಲೆ ಅಡ್ಡ ಹಾಯುತ್ತೆ. ಮುಂಗೈಯ ಆಕಾರ ಬದಲಾಗೋದು ಅದಕ್ಕೇ. ನಾವು ಬರೆದ ಸರ್ ಮುಂಗೈ ಪಿವಿಸಿ ಪೈಪಿನ ತರ ಇದ್ದಿದ್ದು ಯಾಕೆ ಅಂತ ಆವತ್ತು ಗೊತ್ತಾಯ್ತು. ಹಾಗೇ ನಿಮ್ಮ ಕಾಲಿನ ಗಿಣ್ಣು ಮುಟ್ಟಿ ನೋಡಿ: ಒಳಗಡೆಯದ್ದು ಮೇಲೆ, ಹೊರಗಡೆಯದ್ದು ಕೆಳಗೆ. ಹತ್ತೊಂಬತ್ತು ವರ್ಷ ಈ ಕಾಲ ಮೇಲೇ ಓಡಾಡಿದೀವಿ, ಒಂದು ಸಲವೂ ಗಮನಿಸಿರಲಿಲ್ಲ.

ಮೂರನೆಯದು ಬ್ಯಾಲೆನ್ಸ್. ಮೆಕ್ಯಾನಿಕ್ಸ್‌ನ ಫ್ರೀ ಬಾಡಿ ಡಯಾಗ್ರಮ್ ಬರೀ ಬ್ಲಾಕಿಗೆ ಮಾತ್ರ ಅಲ್ಲ. ಒಂದೇ ಕಾಲ ಮೇಲೆ ಭಾರ ಹಾಕಿ ನಿಂತವರನ್ನ ಮುಂದಿನಿಂದ ನೋಡಿ, ಕತ್ತಿನ ಗುಳಿಯಿಂದ ಒಂದು ತೂಕದ ದಾರ ಇಳಿಬಿಟ್ಟ ಹಾಗೆ ಕಲ್ಪಿಸಿಕೊಳ್ಳಿ. ಅದು ಹೆಚ್ಚುಕಡಿಮೆ ಭಾರ ಹೊತ್ತ ಪಾದದ ಮೇಲೇ ಬೀಳುತ್ತೆ. ಬೀಳದಿದ್ರೆ ನಿಮ್ಮ ಚಿತ್ರದವನು ಬೀಳ್ತಾನೆ. ಭಾರ ಇರೋ ಕಡೆ ಸೊಂಟ ಮೇಲೇರುತ್ತೆ, ಅದೇ ಕಡೆ ಭುಜ ಕೆಳಗಿಳಿಯುತ್ತೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಸ್ಥಾನದ ಮದನಿಕೆಯರನ್ನ ಟ್ರಿಪ್‌ನಲ್ಲಿ ನೋಡಿದೀರಲ್ಲ? ಅವರ ಎದುರು ನಿಂತು ಸೆಲ್ಫಿ ತೆಗೆಯೋ ಬದಲು ಭುಜ ಯಾವ ಕಡೆ ವಾಲಿದೆ, ಸೊಂಟ ಯಾವ ಕಡೆ ಅಂತ ಎರಡು ಗೆರೆ ಎಳೆದು ನೋಡಿ. ಕಲ್ಲು ಯಾಕೆ ಕುಣಿಯೋ ಹಾಗೆ ಕಾಣುತ್ತೆ ಅಂತ ಆಗ ತಿಳಿಯುತ್ತೆ.

ಇಲ್ಲಿವರೆಗೆ ಓದಿದವರು "ಸರಿ, ರೂಲ್ಸ್ ಕಲಿತ್ರೆ ಮುಗೀತು" ಅನ್ಕೊಂಡಿರಬಹುದು. ನಮ್ಮ ತಕರಾರು ಶುರುವಾಗೋದೇ ಇಲ್ಲಿಂದ.

ನಾವು ಪಿಡಿಎಫ್‌ನಲ್ಲಿ ಓದಿದ ಅಮೆರಿಕದ ಆ್ಯಂಡ್ರ್ಯೂ ಲೂಮಿಸ್ ಅವರ 1943ರ ಪುಸ್ತಕದಲ್ಲಿ ಆದರ್ಶ ಗಂಡಸು ಎಂಟು ತಲೆ ಎತ್ತರ. ಸೂಪರ್‌ಹೀರೋ ಆದ್ರೆ ಇನ್ನೂ ಉದ್ದ. ನಮ್ಮ ಶಿಲ್ಪಶಾಸ್ತ್ರದಲ್ಲೂ ಲೆಕ್ಕ ಇದೆ, ಅಲ್ಲಿ ಯೂನಿಟ್ ತಲೆ ಅಲ್ಲ, ಮುಖ. ಒಂದು ಮುಖ ಅಂದ್ರೆ ಒಂದು ತಾಳ, 12 ಅಂಗುಲ. ನವತಾಳ ಮೂರ್ತಿ ಅಂದ್ರೆ 108 ಅಂಗುಲ. ಈ ತಾಳಮಾನವನ್ನ ವಿವರಿಸಿ ಅವನೀಂದ್ರನಾಥ ಟಾಗೋರ್ ಭಾರತೀಯ ಚಿತ್ರಕಲೆಯ ಅಂಗರಚನೆ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ್ರು, ಅದರ ಇಂಗ್ಲಿಷ್ ರೂಪ ಬಂದಿದ್ದು 1914ರಲ್ಲಿ. ಅದಕ್ಕೆ ಚಿತ್ರ ಬರೆದ ಶಿಷ್ಯರು ಇಬ್ಬರು: ನಂದಲಾಲ್ ಬೋಸ್ ಮತ್ತು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರೋ ವೆಂಕಟಪ್ಪ ಆರ್ಟ್ ಗ್ಯಾಲರಿ ಅವರದ್ದೇ ಹೆಸರಿನದ್ದು. ಇಷ್ಟೆಲ್ಲ ಅಳತೆ ಹೇಳಿದ ಅದೇ ಪುಸ್ತಕದಲ್ಲಿ ಅವನೀಂದ್ರನಾಥರು ಇವನ್ನ ಮುರಿಯಬಾರದ ಕಾನೂನು ಅಂತ ತಗೋಬೇಡಿ ಅಂತಲೂ ಶಿಷ್ಯರಿಗೆ ಹೇಳ್ತಾರೆ. ನಮಗೆ ತುಂಬಾ ಹಿಡಿಸಿದ್ದು ಆ ಮಾತು.

ಯಾಕಂದ್ರೆ ಎಂಟು ತಲೆಯ ಲೆಕ್ಕ ಸ್ಕೇಲ್ ಇದ್ದ ಹಾಗೆ. ಅದು ಯಾರ ದೇಹವೂ ಅಲ್ಲ. ಸ್ಕೇಲ್‌ನಿಂದ ಅಳೆದು "ಈ ಮನುಷ್ಯ ಏಳು ತಲೆ, ಕಾಲು ಸ್ವಲ್ಪ ಗಿಡ್ಡ, ಭುಜ ಅಗಲ" ಅಂತ ಕಂಡುಹಿಡಿಯಬೇಕು. ನಾವು ಮಾಡೋದು ಉಲ್ಟಾ: ಎಲ್ಲರನ್ನೂ ಎಂಟು ತಲೆಗೆ ಎಳೆದು ನಿಲ್ಲಿಸ್ತೀವಿ. ನಮ್ಮ ಹಳೆಯ ಸ್ಕೆಚ್‌ಬುಕ್‌ಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ನಾಚಿಕೆ ಆಯ್ತು. ಎಲ್ಲ ಹುಡುಗರಿಗೂ ಸಿಕ್ಸ್ ಪ್ಯಾಕ್, ಎಲ್ಲ ಹುಡುಗಿಯರಿಗೂ ಹಿಡಿಯಷ್ಟು ಸೊಂಟ, ಯಾರಿಗೂ ಹೊಟ್ಟೆ ಇಲ್ಲ. ನಮ್ಮ ನಮ್ಮ ಚಿತ್ರ ಬರೆದುಕೊಂಡಾಗಲೂ ಅಷ್ಟೇ. ಐದಡಿ ಎರಡಿಂಚಿನವರು ಕಾಲು ಉದ್ದ ಮಾಡಿಕೊಂಡಿದ್ವಿ, ದಪ್ಪ ಇರೋರು ತೆಳ್ಳಗಾಗಿದ್ವಿ. ಪ್ರಪೋರ್ಷನ್ ಗೊತ್ತಿಲ್ಲದ್ದು ಅರ್ಧ ಕಾರಣ. ಇನ್ನರ್ಧ, ನಮ್ಮ ದೇಹ ಹೇಗಿದೆಯೋ ಹಾಗೆ ನೋಡೋ ಧೈರ್ಯ ಇರಲಿಲ್ಲ. ಇದನ್ನ ಬರೆಯೋಕೂ ಸ್ವಲ್ಪ ಮುಜುಗರ ಆಗ್ತಿದೆ. ಆದ್ರೆ ನಿಜ.

"ಅದು ನನ್ನ ಸ್ಟೈಲ್" ಅನ್ನೋ ಮಾತಿಗೂ ಉತ್ತರ ಕೊಡಬೇಕು. ನಾವೂ ಅನಿಮೆ ನೋಡ್ತೀವಿ, ದೊಡ್ಡ ಕಣ್ಣು ಬರೀತೀವಿ. ಅದರಲ್ಲಿ ತಪ್ಪೇನಿಲ್ಲ. ವಾರ್ಲಿ ಚಿತ್ರದಲ್ಲಿ ಮನುಷ್ಯನ ಮೈ ಅಂದ್ರೆ ಎರಡು ತ್ರಿಕೋನ, ಅದರಲ್ಲಿ ಇಡೀ ಊರು ಕುಣಿಯುತ್ತೆ. ಯಕ್ಷಗಾನದ ಕಿರೀಟ ತಲೆಯನ್ನ ದೊಡ್ಡದು ಮಾಡುತ್ತೆ, ಬೇಕಂತಲೇ ಮಾಡುತ್ತೆ. ಪ್ರಮಾಣ ಮುರಿಯೋದು ಕಲೆಯೇ. ಆದರೆ ಬೇಕಂತ ಮುರಿಯೋದಕ್ಕೂ ಬರಲ್ಲ ಅಂತ ಮುರಿಯೋದಕ್ಕೂ ವ್ಯತ್ಯಾಸ ಇದೆ. ನಮ್ಮ ಸರ್ ತಲೆ ದೊಡ್ಡದಾಗಿದ್ದು ಸ್ಟೈಲ್ ಅಲ್ಲ, ಶೀಟ್ ಪ್ಲಾನಿಂಗ್ ಫೇಲ್ಯೂರ್. ಕೈ ಜೇಬಿನಲ್ಲಿರೋ ಕ್ಯಾರೆಕ್ಟರ್‌ಗಳನ್ನೇ ನೂರು ಪೇಜ್ ಬರೆದು ಅದನ್ನ ಸ್ಟೈಲ್ ಅಂದ್ರೆ, ಇಂಟೆಗ್ರೇಷನ್ ಬರಲ್ಲ ಅಂತ ಆ ಪ್ರಶ್ನೆ ಬಿಟ್ಟು "ನನ್ನ ಆನ್ಸರಿಂಗ್ ಸ್ಟೈಲ್" ಅಂದ ಹಾಗೆ.

ಇನ್ನೊಂದು ಪ್ರಶ್ನೆ ಇದೆ, ಅದು ಸುಲಭದ್ದಲ್ಲ. "ಎಐಗೆ ಒಂದು ಸಾಲು ಪ್ರಾಂಪ್ಟ್ ಕೊಟ್ರೆ ಅರ್ಧ ನಿಮಿಷದಲ್ಲಿ ಎಂಟು ತಲೆಯ ಮನುಷ್ಯ ಬರ್ತಾನೆ. ನೀವು ಮೂರು ಸಂಜೆ ಯಾಕೆ ಹಾಳು ಮಾಡ್ತೀರಾ?" ನಾವೂ ಫೆಸ್ಟ್ ಪೋಸ್ಟರ್‌ಗೆ ಎಐ ಬಳಸಿದೀವಿ, ಸುಳ್ಳು ಹೇಳಲ್ಲ. ಮೊದಮೊದಲು ಅದು ಆರು ಬೆರಳು ಹಾಕ್ತಿತ್ತು, ನಾವು ನಗ್ತಿದ್ವಿ. ಈಗ ಬೆರಳು ಸರಿಯಾಗಿ ಬರುತ್ತೆ, ನಗೋಕೆ ಆಗಲ್ಲ. ಹಾಗಾಗಿ ಅದಕ್ಕೆ ಕೈ ಬರೆಯೋಕೆ ಬರಲ್ಲ ಅಂತ ನಾವು ವಾದ ಮಾಡಲ್ಲ. ನಮ್ಮ ವಾದ ಬೇರೆ. ಅದು ಕೊಡೋ ಕೈ ನಾವು ಇಂಟರ್‌ನೆಟ್‌ನಿಂದ ಎತ್ತಿ ಹಾಕಿದ ಕೈಯ ತರಾನೇ. ಚೆನ್ನಾಗಿರುತ್ತೆ, ಆದ್ರೆ ಸರ್ ಕೈ ಆಗಿರಲ್ಲ. ಆ ಬಾಗಿದ ತೋರುಬೆರಳು ಇದೆ ಅಂತ ಪ್ರಾಂಪ್ಟ್‌ನಲ್ಲಿ ಬರೆಯೋಕಾದ್ರೂ ಮೊದಲು ಯಾರೋ ಒಬ್ಬರು ಅದನ್ನ ನೋಡಿರಬೇಕಲ್ವಾ? ನಾಲ್ಕು ಜನರಲ್ಲಿ ಒಬ್ಬರೂ ನೋಡಿರಲಿಲ್ಲ. ಆ ಸಮಸ್ಯೆಗೆ ಯಾವ ಸಾಫ್ಟ್‌ವೇರ್ ಅಪ್‌ಡೇಟೂ ಬರಲ್ಲ.

ಚಿತ್ರ ಬರೆಯೋದು ಅಂದ್ರೆ ಕೊನೆಗೆ ಒಬ್ಬ ಮನುಷ್ಯನನ್ನ ಹತ್ತು ನಿಮಿಷ ಬಿಡದೆ ನೋಡೋದು. ಕ್ಯಾಂಪಸ್‌ನಲ್ಲಿ ನಾವು ಯಾರನ್ನ ಹಾಗೆ ನೋಡ್ತೀವಿ? ಮೆಸ್‌ನಲ್ಲಿ ಸಾರು ಬಡಿಸೋ ಅಕ್ಕನ ಭುಜ ಯಾವ ಕಡೆ ವಾಲಿದೆ? ಗೇಟ್‌ನಲ್ಲಿ ರಾತ್ರಿ ಪೂರ್ತಿ ನಿಲ್ಲೋ ಸೆಕ್ಯೂರಿಟಿ ಅಣ್ಣ ಯಾವ ಕಾಲ ಮೇಲೆ ಭಾರ ಹಾಕ್ತಾರೆ? ಗೊತ್ತಿಲ್ಲ. ಐಡಿ ಕಾರ್ಡ್ ತೋರಿಸಿ ಮುಂದೆ ಹೋಗ್ತೀವಿ. ಅಂಗರಚನೆ ಕಲಿಯೋಕೆ ಹೊರಟ ನಮಗೆ ಸಿಕ್ಕಿದ ದೊಡ್ಡ ಪಾಠ ಇದು: ನಮ್ಮ ಕೈ ಸರಿಯಿಲ್ಲ ಅನ್ಕೊಂಡಿದ್ವಿ, ಕಣ್ಣೇ ಸರಿಯಿರಲಿಲ್ಲ.

ಹಾಗಾದ್ರೆ ಏನು ಮಾಡೋದು? ನಮಗೆ ಈ ಎರಡು ತಿಂಗಳಲ್ಲಿ ಕೆಲಸಕ್ಕೆ ಬಂದಿದ್ದನ್ನಷ್ಟೇ ಹೇಳ್ತೀವಿ. ಪೆನ್ಸಿಲ್ ಹಿಡಿದ ಕೈ ಪೂರ್ತಿ ಚಾಚಿ, ಮೊಣಕೈ ಮಡಿಸದೆ, ಒಂದು ಕಣ್ಣು ಮುಚ್ಚಿ, ಎದುರಿನವರ ತಲೆಯನ್ನ ಪೆನ್ಸಿಲ್ ಮೇಲೆ ಗುರುತು ಮಾಡಿಕೊಳ್ಳಿ. ಆ ಅಳತೆ ಅವರ ಮೈಯಲ್ಲಿ ಎಷ್ಟು ಸಲ ಹಿಡಿಸುತ್ತೆ ಅಂತ ಎಣಿಸಿ. ದಿನಕ್ಕೆ ಮೂವತ್ತು ಮೂವತ್ತು ಸೆಕೆಂಡಿನ ಹತ್ತು ಸ್ಕೆಚ್ ಹಾಕಿ, ಮುಖ ಬರೆಯಲೇಬೇಡಿ, ಬರೀ ಭಂಗಿ. ಒಟ್ಟು ಐದು ನಿಮಿಷ, ಇಂಟರ್ನಲ್ಸ್ ನೆಪ ನಡೆಯಲ್ಲ. ರಾತ್ರಿ ಮಲಗೋ ಮುಂಚೆ ನಿಮ್ಮದೇ ಎಡಗೈ ಒಂದು ಸಲ ಬರೆಯಿರಿ, ಮಾಡೆಲ್ ಫ್ರೀ. ಕೈ ಹಿಂಬದಿಯಿಂದ ನೋಡಿದ್ರೆ ನಡುಬೆರಳು ಗಿಣ್ಣಿನಿಂದ ತುದಿಯವರೆಗೆ ಹೆಚ್ಚುಕಡಿಮೆ ಅರ್ಧ ಕೈ. ಗಿಣ್ಣುಗಳು ನೆಟ್ಟಗಿನ ಗೆರೆಯಲ್ಲಿ ಇಲ್ಲ, ಕಮಾನಿನಲ್ಲಿವೆ. ಇಷ್ಟು ಗೊತ್ತಾದ್ರೆ ಜೇಬಿನಿಂದ ಕೈ ಹೊರಗೆ ಬರುತ್ತೆ. ಒಂದು ಮಾತು ಮಾತ್ರ ನೆನಪಿರಲಿ: ಬೇರೆಯವರನ್ನ ಬರೆಯುವಾಗ ಕೇಳಿ ಬರೆಯಿರಿ. ಬೇಡ ಅಂದ್ರೆ ಬೇಡ. ಕದ್ದು ನೋಡಿ ಬರೆಯೋದು ಚಿತ್ರಕಲೆ ಅಲ್ಲ.

ಕ್ಲಬ್‌ಗೂ ನಮ್ಮದೊಂದು ಬೇಡಿಕೆ ಇದೆ. ಪ್ರತಿ ಫೆಸ್ಟ್‌ಗೆ ರಂಗೋಲಿ ಸ್ಪರ್ಧೆ, ಫೇಸ್ ಪೇಂಟಿಂಗ್ ಇಡ್ತೀವಿ. ಈ ಸೆಮಿಸ್ಟರ್ ವಾರಕ್ಕೆ ಒಂದು ಗಂಟೆ ಬರೀ ಮನುಷ್ಯರನ್ನ ಬರೆಯೋಕೆ ಇಡೋಣ. ಬಹುಮಾನ ಬೇಡ, ಇನ್‌ಸ್ಟಾ ರೀಲ್ ಬೇಡ. ಸರದಿ ಪ್ರಕಾರ ನಮ್ಮಲ್ಲೇ ಒಬ್ಬರು ನಿಲ್ಲೋದು, ಉಳಿದವರು ಬರೆಯೋದು. ದಪ್ಪ, ಸಣ್ಣ, ಗಿಡ್ಡ, ಉದ್ದ, ಎಲ್ಲರೂ ನಿಲ್ಲಬೇಕು. ತನ್ನ ದೇಹವನ್ನ ಹತ್ತು ಜನ ನಗದೆ, ಹೊಗಳದೆ, ಸುಮ್ಮನೆ ಅಳೆದು ಬರೆಯೋದನ್ನ ನೋಡಿದಾಗ ಏನೋ ಹಗುರ ಆಗುತ್ತೆ. ನಾವು ನಾಲ್ಕು ಜನ ನಿಂತು ನೋಡಿದೀವಿ, ಅದಕ್ಕೇ ಹೇಳ್ತಿದೀವಿ.

ಹೋದ ಭಾನುವಾರ ಸರ್ ಮನೆಗೆ ಹೋಗಿದ್ವಿ, ಖಾಲಿ ಶೀಟ್ ತಗೊಂಡು. ನಮ್ಮ ರಿಜೆಕ್ಟ್ ಆದ ಚಿತ್ರ ಹಾಲ್‌ನಲ್ಲಿ ಫ್ರೇಮ್ ಹಾಕಿಸಿಕೊಂಡು ಕೂತಿತ್ತು. ಅದನ್ನ ನೋಡಿ ನಮಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅಮ್ಮಾವ್ರು ಕಾಫಿ ಕೊಟ್ರು. ಸರ್ ಕುರ್ಚಿಯಲ್ಲಿ ಕೂತು ಎಡಗೈಯನ್ನ ಮಂಡಿ ಮೇಲಿಟ್ಟು "ಬರೀರಿ" ಅಂದ್ರು. ಒಂದೂವರೆ ಗಂಟೆ ಆ ಒಂದು ಕೈಯನ್ನೇ ಬರೆದ್ವಿ. ಬೆರಳಿನ ಕಥೆಯೂ ಹೇಳಿದ್ರು, ಅದು ಅವರದ್ದು, ಇಲ್ಲಿ ಬರೆಯಲ್ಲ. ನಾಲ್ಕು ಚಿತ್ರದಲ್ಲಿ ಎರಡು ಕೆಟ್ಟಿವೆ, ಒಂದು ಪರವಾಗಿಲ್ಲ. ಇನ್ನೊಂದನ್ನ ಸರ್ ಕೈಗೆ ತಗೊಂಡು, ತಮ್ಮ ಬೆರಳು ಪಕ್ಕಕ್ಕೆ ಹಿಡಿದು ನೋಡಿ, ಏನೂ ಹೇಳಲಿಲ್ಲ. ಒಳಗೆ ಹೋಗಿ ಪೆನ್ ತಂದು ಮೂಲೆಯಲ್ಲಿ ಸಣ್ಣದಾಗಿ ಸೈನ್ ಮಾಡಿದ್ರು, ವರ್ಕ್‌ಶಾಪ್ ರೆಕಾರ್ಡ್‌ನಲ್ಲಿ ಮಾಡ್ತಿದ್ರಲ್ಲ, ಹಾಗೇ. ಕೆಳಗೆ ತಾರೀಖು.